ಹಳದಿ ತಲೆ ನೋಡಿ ತಂದ ಉಡ

ನನ್ನ ಮಗಳು ರಿನ್‌ರಿನ್‌ಳ ಬಲಗೈಗೆ ಮೂರು ಹೊಲಿಗೆ ಬಿದ್ದ ಭಾನುವಾರ, ನನ್ನ ಗಂಡ ಎಂಕೋಸ್ ಮನೆಯ ಉಡವನ್ನು ಅಕ್ಕಿ ಚೀಲದೊಳಗೆ ತುರುಕಿ ಬಾಯಿ ಕಟ್ಟಿದರು. ಚಿಸದಾನೆ ಹೊಳೆಗೆ ಬಿಟ್ಟು ಬಂದರೆ ಪೀಡೆ ತೊಲಗುತ್ತದೆ ಎಂದರು. ನಾನು ಬೇಡವೆನ್ನಲಿಲ್ಲ. ಚೀಲವನ್ನು ಹಿಡಿದುಕೊಟ್ಟವಳೇ ನಾನು. ಈಗ ಅದನ್ನು ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಆ ಉಡವನ್ನು ಕರೆತಂದವರು ಎಂಕೋಸ್. ಅದಕ್ಕೂ ಹದಿನಾಲ್ಕು ತಿಂಗಳ ಮುಂಚೆ, ನಮ್ಮೂರು ಬೊಗೋರಿನ ಪ್ರಾಣಿ ಸಂತೆಯಲ್ಲಿ ಒಬ್ಬ ವ್ಯಾಪಾರಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದನ್ನು ತೋರಿಸಿದ್ದ. ಗೇಣುದ್ದದ ಮರಿ, ತಲೆ ಅರಿಶಿನದಂತೆ ಹಳದಿ. ಇದು ಫಿಲಿಪೀನ್ಸ್‌ನ ಹಳದಿ ತಲೆಯ ಉಡ, ಅಪ್ಪಟ ತಳಿ, ತೋಳುದ್ದಕ್ಕಿಂತ ಹೆಚ್ಚು ಬೆಳೆಯುವುದೇ ಇಲ್ಲ ಎಂದಿದ್ದ. ದಿನವಿಡೀ ಅಂಕೋಟ್ ವ್ಯಾನ್ ಓಡಿಸಿ, ಪ್ರಯಾಣಿಕರ ಸುಳ್ಳನ್ನೆಲ್ಲ ಮುಖ ನೋಡಿಯೇ ಹಿಡಿಯುವ ನನ್ನ ಗಂಡ ಆ ಸುಳ್ಳನ್ನು ಮಾತ್ರ ಹಾಗೇ ನುಂಗಿದರು. ಅದಕ್ಕೆ ಕೊನೆಂಗ್ ಎಂದು ಹೆಸರಿಟ್ಟರು. ನಮ್ಮ ಸುಂಡ ಮಾತಿನಲ್ಲಿ ಕೊನೆಂಗ್ ಎಂದರೆ ಹಳದಿ.

ಕೊನೆಂಗ್ ತೋಳುದ್ದವನ್ನು ಆರೇ ತಿಂಗಳಲ್ಲಿ ದಾಟಿತು. ವರ್ಷ ತುಂಬಿದ ಮೇಲೆ ಮೂತಿಯಿಂದ ಬಾಲದ ತುದಿಯವರೆಗೆ ರಿನ್‌ರಿನ್‌ಳ ಭುಜದೆತ್ತರದಷ್ಟು ಉದ್ದವಾಯಿತು. ಮೆಟ್ಟಿಲ ಕೆಳಗಿನ ಕೋಳಿಗೂಡಿನಲ್ಲಿ ಸುರುಳಿ ಸುತ್ತಿಕೊಂಡೇ ಇರುತ್ತಿತ್ತು. ತಿನ್ನಲು ಸಾಸೇಜ್, ಇಲ್ಲವೇ ನನ್ನ ತಿಂಡಿ ಅಂಗಡಿಯಲ್ಲಿ ಉಳಿದ ಕರಿದ ತಾಹು ಎಂಬ ಸೋಯಾ ಪನೀರು. ಹೊಟ್ಟೆ ಎಳೆದುಕೊಂಡು ತೆವಳತೊಡಗಿದಾಗ ಸೋಮಾರಿ ಎಂದು ನಕ್ಕೆವು. ಕಾಲಬೆರಳು ನಡುಗಿದಾಗ ಚಳಿ ಎಂದುಕೊಂಡೆವು. ಆ ಭಾನುವಾರ ರಿನ್‌ರಿನ್, ಅಪ್ಪ ಕಲಿಸಿದಂತೆಯೇ, ಕೈಯಲ್ಲೇ ಸಾಸೇಜ್ ಹಿಡಿದು ಕೊಟ್ಟಳು. ಅದು ಕೈಯನ್ನೂ ಸೇರಿಸಿ ಕಚ್ಚಿತು. ಅದಕ್ಕೆ ಸಾಸೇಜ್ ಯಾವುದು, ಬೆರಳು ಯಾವುದು ಎಂದು ಹೇಗೆ ತಿಳಿಯಬೇಕು? ನಾನು ಗಾಯಕ್ಕೆ ಕಾಫಿಪುಡಿ ಒತ್ತಿದೆ. ಆಸ್ಪತ್ರೆಯ ನರ್ಸ್ ಅದನ್ನು ತೊಳೆದು ತೆಗೆಯುತ್ತ, ಸೋಪು ನೀರಿನಲ್ಲಿ ತೊಳೆದು ನೇರ ಬರುವುದು ಬಿಟ್ಟು ಇದೇನು ಮಾಡಿದಿರಿ ಎಂದು ಚೆನ್ನಾಗಿ ಬೈದಳು.

ಎಂಕೋಸ್ ಚೀಲ ಹೊತ್ತು ಗೇಟಿನ ಹತ್ತಿರ ಹೋದಾಗ ಎದುರು ಮನೆಯ ನೆಂಡೆನ್ ಅಡ್ಡ ಬಂದರು. ಅವರು ಪಶು ಚಿಕಿತ್ಸಾಲಯವೊಂದರಲ್ಲಿ ಸಹಾಯಕಿ, ಹಾವು ಹಲ್ಲಿಗಳ ವಿಭಾಗದಲ್ಲೇ ಹನ್ನೊಂದು ವರ್ಷ ದುಡಿದವರು. ಚೀಲ ಅಲುಗಾಡುವುದನ್ನು ನೋಡಿ, ಒಳಗೇನಿದೆ ಎಂದು ಕೇಳಿದರು. ಎಂಕೋಸ್ ಹೇಳಿದರು.

"ಬಿಚ್ಚಿ," ಎಂದರು ನೆಂಡೆನ್.

"ತೇ ನೆಂಡೆನ್, ದಾರಿ ಬಿಡಿ. ಹೊಳೇಲಿ ಇದರ ನೆಂಟರಿದಾರೆ, ಸೇರ್ಕೊಳ್ಳುತ್ತೆ."

"ಅದಕ್ಕೇ ಬಿಡಬಾರದು ಕಾಂಗ್. ಮೊದಲು ಬಿಚ್ಚಿ, ಉಸಿರು ಕಟ್ಟುತ್ತೆ." ನಮ್ಮ ಕಡೆ ಅಕ್ಕ ಎನ್ನಲು ತೇ, ಅಣ್ಣ ಎನ್ನಲು ಕಾಂಗ್ ಎನ್ನುತ್ತೇವೆ.

ಅಂಗಳದಲ್ಲಿ ಚೀಲ ಬಿಚ್ಚಿದಾಗ ಕೊನೆಂಗ್ ಓಡಲಿಲ್ಲ. ಹಿಂಗಾಲುಗಳನ್ನು ಅಗಲಿಸಿ ಹಾಗೇ ಬಿದ್ದುಕೊಂಡಿತು. ನೆಂಡೆನ್ ಬಗ್ಗಿ ಅದರ ಬೆನ್ನು ತೋರಿಸಿದರು. ತಲೆಯ ಹಳದಿ ಕತ್ತಿನ ಬಳಿ ಕಪ್ಪು ಕಲೆಗಳಾಗಿ ಒಡೆದಿತ್ತು. ಬೆನ್ನಿನ ಮೇಲೆ ಉಂಗುರದಂಥ ಚುಕ್ಕೆಗಳ ಸಾಲು, ನಮ್ಮ ಚರಂಡಿಗಳಲ್ಲಿ ಈಜುವ ನೀರುಡಕ್ಕೆ ಇರುವಂಥದ್ದೇ. ಎರಡು ಜಾತಿ ಕೂಡಿಸಿ ಮಾಡಿದ ಮಿಶ್ರ ತಳಿಯಂತೆ ಕಾಣುತ್ತದೆ ಎಂದರು. ಬಣ್ಣ ನೋಡಿ ಇದಮಿತ್ಥಂ ಎನ್ನಲಾಗದು, ಒಂದೇ ಜಾತಿಯಲ್ಲೂ ಬಣ್ಣ ಹೆಚ್ಚುಕಡಿಮೆ ಇರುತ್ತದೆ. ಖಚಿತವಾಗಬೇಕಾದರೆ ತಂದೆತಾಯಿಯನ್ನು ನೋಡಬೇಕು, ಇಲ್ಲವೇ ರಕ್ತ ಪರೀಕ್ಷಿಸಬೇಕು. ಆದರೆ ಸಾಕುವವರಿಗೆ ಒಂದು ನಿಯಮ ಸಾಕು: ಬೆರಕೆ ಎಂಬ ಅನುಮಾನ ಬಂದರೆ, ಎರಡು ಜಾತಿಗಳಲ್ಲಿ ದೊಡ್ಡದು ಎಷ್ಟು ಬೆಳೆಯುತ್ತದೋ ಇದೂ ಅಷ್ಟು ಬೆಳೆಯುತ್ತದೆ ಎಂದೇ ತಿಳಿಯಬೇಕು. ನೀರುಡ ಎರಡು ಮೀಟರ್ ದಾಟುತ್ತದೆ.

ಎಂಕೋಸ್ ಸೋಲುವವರಲ್ಲ. "ಆಗಲಿ, ಬೆರಕೇನೇ ಅನ್ನಿ. ಚರಂಡೀಲಿ ಹೆಣ ತಿಂದು ಬದುಕೋ ಜಾತಿ ತಾನೇ? ಅದಕ್ಕೂ ಬಾಣಂತನ ಮಾಡಬೇಕಾ?"

ನೆಂಡೆನ್ ಎದ್ದು ನಿಂತರು. ಅವರು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಚರಂಡಿ ಉಡ ಇಲೀನ ಎಲುಬು ಸಮೇತ ನುಂಗುತ್ತೆ ಕಾಂಗ್. ನಿಮ್ಮದು ಹಿಟ್ಟು ಬೆರೆಸಿದ ಸಾಸೇಜ್ ತಿನ್ನುತ್ತೆ. ಅದು ಬೆಳಗಾದ್ರೆ ಬಂಡೆ ಮೇಲೆ ಬಿಸಿಲು ಕಾಯಿಸುತ್ತೆ. ನಿಮ್ಮದು ಹದಿನಾಲ್ಕು ತಿಂಗಳಿಂದ ಸೂರ್ಯನ ಮುಖ ಕಂಡಿಲ್ಲ. ನೀವು ಚರಂಡೀಲಿ ಇಟ್ಟಿದ್ರೂ ಇದಕ್ಕಿಂತ ಚೆನ್ನಾಗಿರ್ತಿತ್ತು."

ನೆಂಡೆನ್ ಮುಂದುವರಿಸಿದರು. ಈ ಸೋತ ಕಾಲುಗಳೊಡನೆ ಹೊಳೆಗೆ ಬಿಟ್ಟರೆ ಮುಳುಗಿ ಸಾಯುತ್ತದೆ. ಒಂದು ವೇಳೆ ಬದುಕಿದರೆ ಇನ್ನೂ ಕೆಟ್ಟದ್ದು. ಅದರ ಅರ್ಧ ರಕ್ತ ಈ ಹೊಳೆಯದಲ್ಲ. ಇಲ್ಲಿನ ಉಡಗಳೊಡನೆ ಕೂಡಿದರೆ ಅವುಗಳ ತಳಿಯೇ ಕೆಡುತ್ತದೆ, ಮನೆಯಲ್ಲಿ ಹತ್ತಿಸಿಕೊಂಡ ರೋಗವೂ ಹರಡುತ್ತದೆ.

ಮರುದಿನ ಅವರೇ ನಮ್ಮನ್ನು ಚಿಕಿತ್ಸಾಲಯಕ್ಕೆ ಕರೆದೊಯ್ದರು. ಡಾಕ್ಟರ್ ಎಕ್ಸ್‌ರೇ ಹಿಡಿದು ತೋರಿಸಿದಾಗ ಎಲುಬೆಲ್ಲಿ, ಮಾಂಸವೆಲ್ಲಿ ಎಂದು ನನಗೆ ತಿಳಿಯಲಿಲ್ಲ, ಅಷ್ಟು ತೆಳುವಾಗಿತ್ತು. ಹಿಂಗಾಲು ಎರಡು ಕಡೆ ಮುರಿದು ತಾನಾಗಿ ಸೊಟ್ಟ ಕೂಡಿಕೊಂಡಿತ್ತು. ಬೆನ್ನೆಲುಬು ಬಾಗಿತ್ತು. ಬಿಸಿಲೂ ಸುಣ್ಣದಂಶವೂ ಸಿಗದೆ ಎಲುಬು ಸವೆದಿದೆ, ಇಷ್ಟು ದಿನ ಇದು ನೋವಿನಲ್ಲೇ ಇತ್ತು ಎಂದರು ಡಾಕ್ಟರ್. ಎಂಕೋಸ್ ಗೋಡೆಗೆ ಮುಖ ಮಾಡಿ ನಿಂತರು.

ಆ ವಾರ ಅವರು ವ್ಯಾನ್ ಓಡಿಸಲಿಲ್ಲ. ಬೈಕ್ ನಿಲ್ಲಿಸುತ್ತಿದ್ದ ಮನೆ ಪಕ್ಕದ ತೆರೆದ ಹಜಾರವನ್ನು ಗಟ್ಟಿ ಜಾಲರಿಯಿಂದ ಮುಚ್ಚಿ ಆಳೆತ್ತರದ ಗೂಡು ಮಾಡಿದರು. ಬೈಕ್ ಈಗ ಮಳೆಯಲ್ಲಿ ನೆನೆಯುತ್ತದೆ. ಬೊಗೋರಿನಲ್ಲಿ ಮಳೆಗೇನು ಬರವೇ. ಬಿಸಿಲಿಲ್ಲದ ದಿನಕ್ಕೆಂದು ಗೂಡಿನೊಳಗೆ ಬಿಸಿಲಿನ ಕಿರಣ ಕೊಡುವ ವಿಶೇಷ ದೀಪ ಹಾಕಿದ್ದೇವೆ. ಗಾಜಿನ ಹಿಂದೆ ಇಟ್ಟರೆ ಕಿರಣ ದಾಟದೆ ಅದು ದಂಡ. ವರ್ಷಕ್ಕೊಮ್ಮೆ ಬದಲಿಸಬೇಕು. ಒಂದು ಮೂಲೆ ಚೆನ್ನಾಗಿ ಬಿಸಿ, ಇನ್ನೊಂದು ಮೂಲೆ ತಂಪು; ಯಾವುದು ಬೇಕೋ ಅದೇ ಆರಿಸಿಕೊಳ್ಳುತ್ತದೆ. ಮೈ ಪೂರ್ತಿ ಮುಳುಗುವಂಥ ನೀರಿನ ತೊಟ್ಟಿಯಿದೆ, ನೀರನ್ನು ದಿನಾ ಬದಲಿಸುತ್ತೇವೆ. ಇಡೀ ಇಲಿ, ಕೋಳಿಮರಿ, ಮೀನು, ಮೊಟ್ಟೆ ಕೊಡುತ್ತೇವೆ, ಅದೂ ಉದ್ದನೆಯ ಇಕ್ಕಳದಲ್ಲಿ. ಸುಣ್ಣದಂಶದ ಪುಡಿ ಡಾಕ್ಟರ್ ಹೇಳಿದಷ್ಟೇ. ಹೆಚ್ಚಾದರೂ ಕೆಡುಕು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಯಾರೂ ಅಡುಗೆಮನೆಗೆ ಕಾಲಿಡುವಂತಿಲ್ಲ.

ನಾಲ್ಕು ತಿಂಗಳ ಮೇಲೆ ಒಂದು ಬೆಳಿಗ್ಗೆ ಕೊನೆಂಗ್ ಹೊಟ್ಟೆಯನ್ನು ನೆಲದಿಂದ ಎತ್ತಿ ಆರು ಹೆಜ್ಜೆ ನಡೆಯಿತು. ರಿನ್‌ರಿನ್ ಎಣಿಸಿದಳು. ಬಾಗಿದ ಬೆನ್ನು ಮಾತ್ರ ಇನ್ನು ನೆಟ್ಟಗಾಗುವುದಿಲ್ಲ.

ಅದಾದ ಮೇಲೆ ಮತ್ತೆ ಪ್ರಾಣಿ ಸಂತೆ ಬಂತು. ನಾನು, ಎಂಕೋಸ್ ಇಬ್ಬರೂ ಹೋದೆವು. ಅದೇ ವ್ಯಾಪಾರಿ, ಅದೇ ಡಬ್ಬಿಗಳು. ಹನ್ನೆರಡು ಮರಿ, ಎಲ್ಲದರ ಮೇಲೂ 'ಅಪ್ಪಟ ಹಳದಿ ತಲೆ' ಎಂಬ ಚೀಟಿ. ಎಂಕೋಸ್ ತಮ್ಮ ಫೋನಿನಲ್ಲಿದ್ದ ಎಕ್ಸ್‌ರೇ ಚಿತ್ರ ತೋರಿಸಿದರು. ಅವನು ಅರೆಗಳಿಗೆ ನೋಡಿ ನಕ್ಕ.

"ಹಳದಿ ಬೇಕಂದ್ರಿ, ಹಳದಿ ಕೊಟ್ಟೆ. ಅದರ ಜಾತಕನೂ ಬೇಕಿತ್ತಾ?"

ಗಂಡ ಹೊಡೆದೇಬಿಡುತ್ತಾರೆ ಎಂದು ನಾನು ತೋಳು ಹಿಡಿದೆ. ಅವರು ಹೊಡೆಯಲಿಲ್ಲ. ಆ ಮೇಜಿನ ಪಕ್ಕದಲ್ಲೇ ನಿಂತರು. ಡಬ್ಬಿ ಎತ್ತಿಕೊಂಡ ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳಿದರು: "ತಂದೆತಾಯಿ ಫೋಟೋ ಕೇಳಿ. ಪರವಾನಗಿ ಕಾಗದ ಕೇಳಿ. ಆಮೇಲೆ ಈ ಚಿತ್ರ ನೋಡಿ." ವ್ಯಾಪಾರಿ ಬೈದ, ಸಂತೆಯ ಕಾವಲುಗಾರನನ್ನು ಕರೆದ. ಕಾವಲುಗಾರ ಎಕ್ಸ್‌ರೇ ನೋಡಿ, ಇವರು ಮಾತಾಡುತ್ತಿದ್ದಾರಷ್ಟೇ ಎಂದು ಹೊರಟುಹೋದ. ಮಧ್ಯಾಹ್ನದವರೆಗೂ ಒಂದು ಮರಿಯೂ ಮಾರಾಟವಾಗಲಿಲ್ಲ. ಕೊನೆಗೆ ಅವನು ಹನ್ನೆರಡೂ ಚೀಟಿ ಕಿತ್ತು, 'ಬೆರಕೆ, ಎರಡು ಮೀಟರ್‌ವರೆಗೆ ಬೆಳೆಯಬಹುದು' ಎಂದು ಬರೆದು ಅಂಟಿಸಿದ. ಪ್ರತಿ ಅಕ್ಷರವೂ ಸರಿಯಾಗಿದೆಯೇ ಎಂದು ಓದಿದ ಮೇಲೆಯೇ ಎಂಕೋಸ್ ಅಲ್ಲಿಂದ ಕದಲಿದ್ದು.

ಅಣ್ಣಂದಿರೇ, ಅಕ್ಕಂದಿರೇ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ. ಬಣ್ಣ ನೋಡಿ ಉಡ ಕೊಳ್ಳಬೇಡಿ. ತಂದೆತಾಯಿಯನ್ನು ತೋರಿಸದವನ ಬಳಿ ನಿಲ್ಲಬೇಡಿ. ಎರಡು ಮೀಟರ್ ಪ್ರಾಣಿಗೆ ಇಪ್ಪತ್ತು ವರ್ಷ ಜಾಗ ಕೊಡಲಾಗದಿದ್ದರೆ ತರಲೇಬೇಡಿ, ಅದೇ ದೊಡ್ಡ ಉಪಕಾರ. ತಂದು ಸಾಕಲಾಗದಿದ್ದರೆ ಹೊಳೆಗೆ ಬಿಡದೆ ತಿಳಿದವರ ಕೈಗೆ ಒಪ್ಪಿಸಿ. ಈಗಾಗಲೇ ಮನೆಯಲ್ಲಿ ಒಂದಿದ್ದರೆ, ಈ ಹಾಳೆಯನ್ನು ಕೆಳಗಿಟ್ಟು ಎದ್ದು ಹೋಗಿ ನೋಡಿ. ಅದು ನಡೆಯುವಾಗ ಹೊಟ್ಟೆ ನೆಲಕ್ಕೆ ಉಜ್ಜುತ್ತಿದೆಯೇ? ಬೆರಳು ನಡುಗುತ್ತಿದೆಯೇ? ಹಾಗಿದ್ದರೆ ಅದು ಸೋಮಾರಿಯಲ್ಲ. ಅದಕ್ಕೆ ನೋಯುತ್ತಿದೆ. ಇವತ್ತೇ ಡಾಕ್ಟರ ಬಳಿ ಕರೆದುಕೊಂಡು ಹೋಗಿ.