ಟವೆಲ್ಲಿನ ಕೆಳಗಿನ ಕೈ

ನನ್ನ ಗಂಡ ಕರಿಬಸಪ್ಪ ನನ್ನ ಮುಖಕ್ಕೆ ಎಂದೂ ಹೊಡೆದವನಲ್ಲ. "ಹೆಂಡ್ತಿ ಮ್ಯಾಲೆ ಕೈ ಎತ್ತದ ಗಂಡಸು" ಅಂತ ಶಿಗ್ಗಾಂವದ ದನದ ಸಂತೆಯಲ್ಲಿ ಅವನಿಗೆ ಹೆಸರೇ ಬಿದ್ದಿತ್ತು. ಆ ಹೆಸರಿಗಿಷ್ಟು ಬೆಂಕಿ ಹಾಕ. ಅವನು ಮುರಿಯುತ್ತಿದ್ದದ್ದು ಬೆರಳನ್ನು. ಅದೂ ಟವೆಲ್ಲಿನ ಕೆಳಗೆ.

ಅವನು ದನದ ದಲಾಲಿ. ನಮ್ಮ ಕಡೆ ಎತ್ತಿನ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರೂ ಕೈಗೆ ಕೈ ಕೊಟ್ಟು ಮೇಲೊಂದು ಟವೆಲ್ಲು ಹೊದಿಸುತ್ತಾರೆ. ಒಳಗೆ ಬೆರಳು ಹಿಡಿದು ದರ ಕೇಳುತ್ತಾರೆ, ಒತ್ತಿ ಒಪ್ಪುತ್ತಾರೆ, ಇಲ್ಲವಾದರೆ ಕೊಡವಿ ಬಿಡುತ್ತಾರೆ. ಸುತ್ತ ಎಷ್ಟು ಜನ ನಿಂತಿದ್ದರೂ ಮುಖ ಮಾತ್ರ ನಗುತ್ತಿರಬೇಕು, ಒಳಗಿನ ಮಾತು ಹೊರಗೆ ಬರಬಾರದು. ಆ ಟವೆಲ್ಲನ್ನು ಮೂರನೆಯವರು ಎತ್ತುವ ಹಾಗಿಲ್ಲ. ಎತ್ತಿಸಿಕೊಂಡ ದಲಾಲಿಗೆ ಮತ್ತೆ ಯಾರೂ ಕೈ ಕೊಡುವುದಿಲ್ಲ, ಎತ್ತಿದವನ ಮೈಯಲ್ಲಿ ಎಲುಬು ಉಳಿಯುವುದಿಲ್ಲ.

ಎಂಬತ್ತೊಂಬತ್ತರಲ್ಲಿ ಹೆದ್ದಾರಿ ಪಕ್ಕದ ಹತ್ತಿ ಮಿಲ್ಲಿನವರು ಕಂಪ್ಯೂಟರ್ ತರಿಸಿದರು. ಅದನ್ನು ನಡೆಸಲು ಒಬ್ಬರು ಬೇಕು, ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತೇವೆ ಅಂದರು. ಅಷ್ಟರಲ್ಲಿ ಪುಣೆಯಲ್ಲಿ ಕಲಿತು ಬಂದ ಬಸವಣ್ಣೆಪ್ಪ ಮಾಸ್ತರು ಕಾಳಿನ ಅಂಗಡಿಯ ಮಾಳಿಗೆ ಮೇಲೆ ಒಂದೇ ಒಂದು ಯಂತ್ರ ಇಟ್ಟುಕೊಂಡು ಕ್ಲಾಸು ಸುರು ಮಾಡಿದ್ದರು. ನಾನು ಹಾನಗಲ್ಲಿನಲ್ಲಿ ಪಿಯುಸಿ ಮುಗಿಸಿದವಳು. ಪಗಾರದ ಆಸೆಗೆ ಕರಿಬಸಪ್ಪನೇ ನನ್ನನ್ನು ಕಳಿಸಿದ.

ನನಗೆ ಬೇಕಾಗಿದ್ದು ಪಗಾರವಲ್ಲ. ಮಿಲ್ಲಿನ ಕಂಪೌಂಡಿನಲ್ಲಿ ಆಪರೇಟರಿಗೆ ಅಂತ ಒಂದು ಖೋಲಿ ಇತ್ತು. ಅದರ ಬಾಗಿಲಿಗೆ ಒಳಗಿನಿಂದ ಚಿಲಕ ಇತ್ತು. ನಾನು ಹೋಗಿ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿ ಬಂದಿದ್ದೆ. ಪರೀಕ್ಷೆ ಗೆದ್ದರೆ ಆ ಚಿಲಕ ನನ್ನದು. ಗೆಲ್ಲಬೇಕಾದರೆ ಕೀಲಿಮಣೆ ಒತ್ತಲು ನೆಟ್ಟಗಿನ ಬೆರಳು ಬೇಕು.

ಕಂಪ್ಯೂಟರ್ ಅಂದರೆ ಕರಿಯೋ ಬಿಳಿಯೋ ಗೊತ್ತಿಲ್ಲದವಳು ನಾನು. ಗುಂಡಿ ಒತ್ತಿದರೆ ಎಲ್ಲಿ ಸುಟ್ಟುಹೋಗುತ್ತದೋ ಅಂತ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಮಾಸ್ತರರೋ, ಆಗಿನ್ನೂ ಯಾರೂ ಕೇಳಿರದ ಹೊಸ ರೀತಿಯಲ್ಲೇ ಪ್ರೋಗ್ರಾಂ ಬರೆಯಲು ಕಲಿಸುತ್ತೇನೆಂದು ಹಟ ಹಿಡಿದ ಮನುಷ್ಯ.

"ಕ್ಲಾಸ್ ಅಂದ್ರ ನಕ್ಷಾ ಇದ್ದಂಗ್ರಿ ಸರೋಜವ್ವಾರ. ಆ ನಕ್ಷಾದ ಪ್ರಕಾರ ಮಾಡಿದ ಒಂದೊಂದು ವಸ್ತು ಆಬ್ಜೆಕ್ಟ್. ಅದರ ಕೆಲಸಾ ಅದು ತಾನ ಮಾಡ್ತೈತಿ."

"ಅಂದ್ರ ಎತ್ತು ಅನ್ನೂದು ಕ್ಲಾಸು, ನಮ್ಮ ಹಿತ್ತಲದಾಗ ಕಟ್ಟಿದ್ದು ಆಬ್ಜೆಕ್ಟು. ಹೌದಲ್ರಿ?"

"ಹೌದ್ರಿ, ಹಂಗ ತಿಳೀರಿ."

ಎಷ್ಟು ಸುಲಭ ಅನ್ನಿಸಿತು. ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಮುಂದಿನ ಕಟ್ಟೆಯ ಮೇಲೆ ನನ್ನ ಇನ್ನೊಂದು ಕ್ಲಾಸು ನಡೆಯುತ್ತಿತ್ತು. ಕರಿಬಸಪ್ಪ ನನ್ನ ಎಡಗೈ ಹಿಡಿದು ಮೇಲೆ ಟವೆಲ್ಲು ಹಾಕುತ್ತಿದ್ದ. "ಇವತ್ತೇನ್ ಕಲ್ತಿ, ಹೇಳು." ಅವನಿಗೆ ತಿಳಿದರೆ ಕೈ ಬಿಡುತ್ತಿದ್ದ, ತಿಳಿಯದಿದ್ದರೆ ಒಂದು ಬೆರಳನ್ನು ಹಿಂದಕ್ಕೆ ಬಗ್ಗಿಸುತ್ತಿದ್ದ. ಎಡಗೈಯನ್ನೇ ಹಿಡಿಯುತ್ತಿದ್ದ. ಬಲಗೈ ಪಗಾರ ತರುವ ಕೈ, ಅದಕ್ಕೆ ಏನೂ ಆಗಬಾರದು. ಓಣಿಯಲ್ಲಿ ಹೋಗುವವರಿಗೆ ಗಂಡ ಹೆಂಡತಿ ಕೈ ಹಿಡಿದು ಕೂತು ನಗುತ್ತಿರುವಂತೆ ಕಾಣುತ್ತಿತ್ತು. ಅತ್ತೆಗೆ ಎಲ್ಲ ಗೊತ್ತಿತ್ತು. ಮೊರ ತಗೊಂಡು ಒಳಗೆ ಹೋಗುತ್ತಿದ್ದಳು.

"ಕಣ್ಣಿಗೆ ಕಾಣದ ಎತ್ತು, ಅದೆಂಥಾ ಎತ್ತಲೇ? ನನ್ನ ಹುಚ್ಚ ಮಾಡಾಕತ್ತಿಯೇನು?" ಅಂದ ಆ ಮೊದಲ ದಿನ. ಕಿರುಬೆರಳು ಲಟಕ್ಕೆಂದಿತು. ನಾನು ಹಲ್ಲು ಕಚ್ಚಿ ನಗುತ್ತಲೇ ಕೂತೆ.

ಅಲ್ಲಿಂದ ಮಾಸ್ತರರಿಗೆ ಒಂದೊಂದನ್ನೂ ಕೆದಕಿ ಕೆದಕಿ ಕೇಳತೊಡಗಿದೆ. "ನಿಮ್ಮಷ್ಟು ಆಸಕ್ತಿ ಯಾರಿಗೂ ಇಲ್ಲ ನೋಡ್ರಿ" ಅಂತ ಹೊಗಳಿದರು. ಆಸಕ್ತಿಯಂತೆ, ಆಸಕ್ತಿ! ದನದ ದಲಾಲಿಗೆ ತಿಳಿಯುವ ಹಾಗೆ ಹೇಳದಿದ್ದರೆ ನನಗೆ ಬೆರಳು ಉಳಿಯುತ್ತಿರಲಿಲ್ಲ.

ಒಂದು ದಿನ ನಾನೇ ಎತ್ತಿನ ಕ್ಲಾಸು ಬರೆದೆ. ಬಣ್ಣ, ಹಲ್ಲು, ದರ ಎಲ್ಲ ಇಟ್ಟೆ. ಯಂತ್ರ ನಡೆಸಿದರೆ ಎತ್ತಿನ ದರ ಸೊನ್ನೆ ಅಂತ ಬಂತು. ತಲೆ ಕೆಟ್ಟುಹೋಯಿತು. ಹುಡುಕಿ ಹುಡುಕಿ ನೋಡಿದರೆ, ಎಲ್ಲೋ ಕೆಳಗಿನ ಸಾಲಿನಲ್ಲಿ ನಾನೇ ಆ ದರಕ್ಕೆ ಕೈ ಹಾಕಿ ಅಳಿಸಿದ್ದೆ.

ಮಾಸ್ತರರು ನಕ್ಕರು. "ಬಾಗಲಾ ಎಲ್ಲಾ ತೆರದ ಇಟ್ಟೀರಿ. ಒಳಗಿಂದು ಮುಚ್ಚಿಡ್ರಿ. ಹೊರಗಿನವ್ರು ಬರೇ ಕೇಳಬೇಕು, ಆಬ್ಜೆಕ್ಟ್ ತಾನ ಉತ್ತರಾ ಕೊಡಬೇಕು."

"ಅಯ್ಯ ಶಿವನ! ಇದು ಟವೆಲ್ಲರೀ!" ಅಂತ ಚೀರಿಬಿಟ್ಟೆ. ಖುಷಿಗೆ ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಪರದೇಶದ್ದು ಅಂದುಕೊಂಡಿದ್ದ ವಿದ್ಯೆ ನಮ್ಮ ಸಂತೆಯದೇ ಆಗಿತ್ತು.

ಆ ಖುಷಿಯನ್ನು ಮನೆಯತನಕ ಹೊತ್ತು ತಂದದ್ದೇ ನನ್ನ ತಪ್ಪು. ಕರಿಬಸಪ್ಪನಿಗೆ ಒಂದೇ ಮಾತಿಗೆ ತಿಳಿಯಿತು. ತೊಡೆ ತಟ್ಟಿಕೊಂಡು ನಕ್ಕ. "ನೋಡಿದೇನ? ಮಷೀನಿಗೂ ತಿಳೀತೈತಿ. ಒಳಗಿಂದು ಒಳಗ ಇರಬೇಕು." ನಗುನಗುತ್ತಲೇ ಉಂಗುರದ ಬೆರಳು ಹಿಡಿದು ಬಗ್ಗಿಸಿದ. "ಹೊರಗ ಯಾರ ಮುಂದರ ಹೇಳ್ತೀಯೇನು?"

"ಇಲ್ರಿ."

"ಇನ್ನೊಮ್ಮೆ ಹೇಳು."

"ಇಲ್ರೀ, ಇಲ್ಲ!" ಅನ್ನುವಷ್ಟರಲ್ಲಿ ಬೆರಳು ಮುರಿದಿತ್ತು. ನಾನು ಕಲಿತ ಪಾಠದಿಂದಲೇ ನನ್ನ ಬಾಯಿ ಮುಚ್ಚಿಸಿದ್ದ ಭಾಡಕೋ. ಮೈಯೆಲ್ಲ ಉರಿದುಹೋಯಿತು.

ಮರುದಿನ ಎರಡು ಬೆರಳಿಗೆ ಅರಿವೆ ಸುತ್ತಿಕೊಂಡು ಹೋಗಿ ಕೇಳಿದೆ. "ಸರ್, ಮುಚ್ಚಿಟ್ಟದ್ದರೊಳಗ ಏನಾರ ಕೆಟ್ಟಿದ್ರ ಹೊರಗಿನವ್ರಿಗೆ ಹೆಂಗ ತಿಳೀಬೇಕ್ರಿ?"

ಮಾಸ್ತರರು ನನ್ನ ಬೆರಳು ನೋಡಿದರು. ಆಮೇಲೆ ಪರದೆ ನೋಡಿದರು. "ತಿಳ್ಯಂಗಿಲ್ರಿ. ಮುಚ್ಚೂದು ಹೊರಗಿನವ್ರು ಕೆಡಿಸಬಾರದು ಅಂತ. ಒಳಗಿನ ಕೇಡು ಮುಚ್ಚಿ ಹಾಕಾಕಲ್ಲ. ಕೆಟ್ಟೈತಿ ಅಂತ ಹೇಳೂ ಮಾತನ್ನ ನೀವ ಅದರಾಗ ಬರದಿರಬೇಕು. ಬರೀದಿದ್ರ ಅದು ಸುಮ್ಮನ ಇರತೈತಿ."

ನನ್ನ ಬೆರಳಿಗೆ ಏನಾಯಿತು ಅಂತ ಮಾತ್ರ ಕೇಳಲಿಲ್ಲ. ಕಲಿತವರು ಹೀಗೇ. ಆ ಸಿಟ್ಟಿನಲ್ಲೇ ಕೂತು, ನನ್ನ ಎತ್ತಿನ ಕ್ಲಾಸಿಗೆ 'ನೋವು ಹೇಳು' ಅಂತ ಇನ್ನೊಂದು ಕೆಲಸ ಬರೆದು ಸೇರಿಸಿದೆ.

ಪರೀಕ್ಷೆಯ ಹಿಂದಿನ ಸಂಜೆ ಕರಿಬಸಪ್ಪ ಬಹಳ ಖುಷಿಯಲ್ಲಿದ್ದ. "ಪಗಾರ ಬಂದ ಕೂಡ್ಲೆ ನನ್ನ ಕೈಯಾಗ ಇಡಬೇಕು ನೋಡು" ಅಂದ. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ!

"ತಗೊಂಡು ಸಾಯಿ. ನಾ ಅಲ್ಲೇ ಮಿಲ್ಲಿನ ಖೋಲ್ಯಾಗ ಇರತೇನಿ. ಒಳಗಿಂದ ಚಿಲಕ ಐತಿ."

ಅವನು ಟವೆಲ್ಲು ಕೊಡವಿದ. ಈ ಸಲ ಹಿಡಿದದ್ದು ಬಲಗೈ. ನಾನು ಒದ್ದೆ, ಅವನ ಭುಜಕ್ಕೆ ರಕ್ತ ಬರುವ ಹಾಗೆ ಕಚ್ಚಿದೆ. ನನ್ನನ್ನು ನೆಲಕ್ಕೆ ಕೆಡವಿ, ಕುತ್ತಿಗೆ ಮೇಲೆ ಮೊಣಕಾಲು ಊರಿ, ಆಗಲೂ ಟವೆಲ್ಲು ಸರಿಯಾಗಿ ಹೊದಿಸಿಯೇ ತೋರುಬೆರಳು ಮುರಿದ. ಹಸಿ ಜೋಳದ ದಂಟು ಮುರಿದಂಥ ಸಪ್ಪಳ.

"ಈಗ ಬರಿ ಹೋಗ" ಅಂದ.

ಬೆಳಗಾದರೆ ಸಂತೆ. ಅವನು ಮೀಸೆ ತಿದ್ದಿಕೊಂಡು ಹೋದ. ನಾನು ಸೀರೆಯ ಅಂಚು ಹರಿದು, ತೋರುಬೆರಳನ್ನು ಪಕ್ಕದ ಬೆರಳಿಗೆ ಬಿಗಿದು ಕಟ್ಟಿ ಮಿಲ್ಲಿಗೆ ಹೊರಟೆ. ದಾರಿ ಸಂತೆಯ ನಡುವೆಯೇ ಹೋಗುತ್ತದೆ. ಸುತ್ತು ಹಾಕಿ ಹೋಗಬಹುದಿತ್ತು. ಯಾಕೆ ಸುತ್ತು ಹಾಕಲಿ?

ಕರಿಬಸಪ್ಪ ಸವಣೂರಿನ ದಸ್ತಗೀರಸಾಬರ ಜೊತೆ ವ್ಯಾಪಾರಕ್ಕೆ ನಿಂತಿದ್ದ. ಒಂದು ಜೋಡಿ ಎತ್ತು ಕೊಳ್ಳಲು ಬಂದ ಮುದುಕ ಅವರು. ಇಬ್ಬರ ಕೈ ಮೇಲೆ ಅದೇ ಟವೆಲ್ಲು. ದಸ್ತಗೀರಸಾಬರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು, ಎಲೆ ಅಡಿಕೆಯ ತುಟಿ ಮಾತ್ರ ನಗುತ್ತಿತ್ತು. ಆ ನಗು ನನಗೆ ಗೊತ್ತು. ದಿನಾ ಸಂಜೆ ಕಟ್ಟೆಯ ಮೇಲೆ ಕೂತು ನಾನೂ ಅದನ್ನೇ ನಗುತ್ತಿದ್ದೆ.

ಅವರ ಕಣ್ಣು ನನ್ನ ಕೈ ಮೇಲೆ ಬಿತ್ತು. "ಯವ್ವಾ, ಕೈಗೇನಾತು?"

"ಮೆಟ್ಟಲ ಮ್ಯಾಲಿಂದ ಬಿದ್ಲು ಕಾಕಾ" ಅಂದ ಕರಿಬಸಪ್ಪ, ನನ್ನ ಕಡೆ ತಿರುಗದೆಯೇ.

"ನಿನ್ನ ಕೇಳಿಲ್ಲೋ. ಆಕೀನ ಕೇಳೇನಿ."

ನನ್ನನ್ನು ಕೇಳಿದವರು ಅವರೇ ಮೊದಲಿಗರು. ಇಡೀ ಸಂತೆಗೆ ಕೇಳುವ ಹಾಗೆ ಹೇಳಿದೆ: "ಇವ ಮುರದಾನ್ರಿ! ಟವೆಲ್ಲಿನ ಕೆಳಗ! ನಿಮ್ಮದೂ ಮುರಿಯಾಕತ್ತಾನ!"

ಟವೆಲ್ಲಿಗೆ ಕೈ ಹಾಕಿ ಎಳೆದುಬಿಟ್ಟೆ.

ಮುದುಕರ ಹೆಬ್ಬೆರಳು ಹಿಂದಕ್ಕೆ ಬಾಗಿ ಮಣಿಕಟ್ಟಿಗೆ ಹತ್ತಿತ್ತು. ಉಗುರು ಬೆಳ್ಳಗಾಗಿತ್ತು. ಸುತ್ತ ನಿಂತವರು ಅದನ್ನು ನೋಡಿದರು, ಆಮೇಲೆ ಒಬ್ಬೊಬ್ಬರೇ ತಮ್ಮ ತಮ್ಮ ಬೆರಳು ನೋಡಿಕೊಂಡರು. ಎಲ್ಲರಿಗೂ ಅವನು ಹೀಗೇ ಮಾಡಿ ದರ ಒಪ್ಪಿಸಿದ್ದ. ಟವೆಲ್ಲಿನ ಕೆಳಗೆ ಇನ್ನೊಬ್ಬ ಗಂಡಸು ತನ್ನ ಕಣ್ಣಲ್ಲಿ ನೀರು ತರಿಸಿದ ಅಂತ ಯಾವ ಗಂಡಸು ಹೇಳಿಕೊಂಡಾನು?

ಕರಿಬಸಪ್ಪ ಬಾರುಕೋಲು ಎತ್ತಿದ. ಮೊದಲ ಏಟು ಬೆನ್ನಿಗೆ ಬಿತ್ತು, ಎರಡನೆಯದು ಕಿವಿಗೆ. ಸಗಣಿಯಲ್ಲಿ ಬಿದ್ದೆ. ಕಣ್ಣಿಗೆ ಕತ್ತಲೆ ಬಂದು, ಬಾಯಿಗೆ ರಕ್ತ ಇಳಿಯಿತು. "ನಾಕ ಮಂದ್ಯಾಗ ನನ್ನ ಮರ್ಯಾದಿ ತಗದ್ಯಲ್ಲಲೇ! ನಿನ್ನ ಹೆಣಾ ಕೆಡವ್ತೇನಿ!" ಮೂರನೆಯ ಏಟು ಬರಲಿಲ್ಲ. ದಸ್ತಗೀರಸಾಬರು ಎಡಗೈಯಿಂದ ಕೋಲು ಹಿಡಿದುಕೊಂಡಿದ್ದರು.

ಆಮೇಲೆ ಜನ ಕರಿಬಸಪ್ಪನ ಮೇಲೆ ಮುಗಿಬಿದ್ದರು. ಹಿರೇಕೆರೂರಿನವರು, ಮಾಸೂರಿನವರು, ಹಾನಗಲ್ಲಿನವರು, ಯಾರ್ಯಾರೋ. ಮೆಟ್ಟಿನಿಂದ, ಮುಷ್ಟಿಯಿಂದ, ಹಗ್ಗದಿಂದ ಬಾರಿಸಿದರು. ಕೊನೆಗೆ ದನಕ್ಕೆ ನೀರು ಕುಡಿಸುವ ಕಲ್ಲಿನ ಅಂಚಿಗೆ ಅವನ ಬಲಗೈ ಒತ್ತಿ ಹಿಡಿದರು. ಮಾಸೂರಿನವನೊಬ್ಬ ದನ ಕಟ್ಟುವ ಗೂಟ ತಂದ.

"ಸರೋಜೀ, ಹೇಳ ಇವ್ರಿಗೆ! ಬ್ಯಾಡ ಅನ್ನ!" ಅಂತ ಕರಿಬಸಪ್ಪ ಒದರಿದ.

ನಾನು ಬ್ಯಾಡ ಅನ್ನಲಿಲ್ಲ. ಗೂಟ ಬಿತ್ತು. ಪಾಪ ಅನ್ನಿಸಿತೇ ಅಂತ ಕೇಳುವವರಿದ್ದಾರೆ. ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸುವುದಿಲ್ಲ.

ಟವೆಲ್ಲನ್ನು ಅಲ್ಲೇ ಸಗಣಿಯಲ್ಲಿ ಬಿಸಾಕಿ ಮಿಲ್ಲಿಗೆ ಹೋದೆ. ನನ್ನ ಅವತಾರ ನೋಡಿ ಮ್ಯಾನೇಜರು ಮೂಗು ಮುಚ್ಚಿಕೊಂಡರು. ಪರೀಕ್ಷೆ ನೋಡಿಕೊಳ್ಳಲು ಬಂದಿದ್ದ ಬಸವಣ್ಣೆಪ್ಪ ಮಾಸ್ತರರು ಎದ್ದು ನಿಂತರು. "ಸರೋಜವ್ವಾರ, ಏನಾತ್ರಿ ಇದು?"

"ಈಗ ಕೇಳಾಕತ್ತೀರೇನ್ರಿ? ಆ ಕುರ್ಚಿ ಇತ್ತ ಸರಸ್ರಿ."

ಒತ್ತಿ ಬಿಗಿದು ಕಟ್ಟಿದ ಹತ್ತಿಯ ಒಂದೊಂದು ಅಂಡಿಗೆಯನ್ನೂ ಒಂದೊಂದು ಆಬ್ಜೆಕ್ಟು ಮಾಡಿ ಬರೆಯಬೇಕಿತ್ತು. ತೂಕ, ತಳಿ ಒಳಗೆ ಮುಚ್ಚಿರಬೇಕು, ಕೇಳಿದರೆ ಉತ್ತರ ಬರಬೇಕು. ಪರೀಕ್ಷೆಗೆ ಬಂದ ಬೇರೆಯವರು ತಮ್ಮ ತಮ್ಮ ಸರದಿ ಬೇಗ ಮುಗಿಸಿ ಚಹಾಕ್ಕೆ ಎದ್ದರು. ನಾನು ಎರಡೂ ಕೈಯಲ್ಲಿ ಉಳಿದ ಬೆರಳುಗಳಿಂದ ಒಂದೊಂದೇ ಅಕ್ಷರ ಕುಟ್ಟಿದೆ. ಒಂದೊಂದು ಗುಂಡಿಗೂ ನೋವು ಭುಜದತನಕ ಏರುತ್ತಿತ್ತು. ಹಸಿ ಇದ್ದ ಹತ್ತಿ ಒಳಗೊಳಗೇ ಕಾದು ಕೆಡುತ್ತದಲ್ಲ, ಅದನ್ನು ಅಂಡಿಗೆ ತಾನೇ ಕೂಗಿ ಹೇಳುವ ಹಾಗೆ ಬರೆದೆ. ಅದನ್ನು ಯಾರೂ ಕೇಳಿರಲಿಲ್ಲ. ಆದರೂ ಬರೆದೆ. ಓದಿ ನೋಡಿದ ಮ್ಯಾನೇಜರು ಮೂಗಿನ ಮೇಲಿನ ಕೈ ತೆಗೆದರು. ಸಂಜೆ ಖೋಲಿಯ ಕೀಲಿ ನನ್ನ ಉಡಿಯಲ್ಲಿತ್ತು.

ಬೆರಳಿನ ಬಾವು ಇಳಿಯುವ ಮೊದಲೇ ಕರಿಬಸಪ್ಪ ಬಂದ. ಮಟಮಟ ಮಧ್ಯಾಹ್ನ. ಬಲಗೈಗೆ ಮೊಣಕೈತನಕ ಪಟ್ಟಿ ಕಟ್ಟಿದ್ದರು. ಬಾಗಿಲು ಬಡಿದ. ನಾನು ಚಿಲಕ ತೆಗೆಯಲಿಲ್ಲ. ಕಿಟಕಿಯ ಹತ್ತಿರ ಬಂದ.

"ಸರೋಜಿ, ಆಗಿದ್ದಾತು. ಸಂತ್ಯಾಗ ಒಬ್ರೂ ಕೈ ಕೊಡವಲ್ರು. ತುತ್ತು ಎತ್ತಾಕ ಬರವಲ್ದು ನನಗ. ಮನಿಗೆ ಬಾ." ದನಿ ಮೆತ್ತಗಿತ್ತು. ಒಂದು ಕ್ಷಣ ನನ್ನ ಕೈ ಚಿಲಕದತನಕ ಹೋದದ್ದು ಸುಳ್ಳಲ್ಲ. ಅಷ್ಟರಲ್ಲಿ ಅವನು ಸರಳಿನ ನಡುವೆ ಎಡಗೈ ತೂರಿಸಿದ. ಅದರ ಮೇಲೆ ಒಗೆದು ಮಡಿ ಮಾಡಿದ ಅದೇ ಟವೆಲ್ಲು ಹೊದಿಸಿದ್ದ.

"ಕೈ ಕೊಡು. ನಮ್ಮ ನಮ್ಮೊಳಗ ಬಗಿಹರಿಸೋಣು."

ಟವೆಲ್ಲಿನ ಕೆಳಗೆ ಅವನ ಬೆರಳು ಆಡುತ್ತಿದ್ದವು. ನಾನು ಟವೆಲ್ಲನ್ನು ಕಿತ್ತುಕೊಂಡೆ. ಬರಿ ಕೈ ಬಿಸಿಲಲ್ಲಿ ಹಾಗೇ ಚಾಚಿಕೊಂಡು ಉಳಿಯಿತು. ಗೇಟಿನ ಹತ್ತಿರ ಅಂಡಿಗೆ ಹೊರುತ್ತಿದ್ದ ಹಮಾಲರು ನಿಂತು ನೋಡತೊಡಗಿದರು.

"ಏನ್ ಹೇಳೂದೈತಿ, ಬಾಯಿಲೆ ಹೇಳು. ಇವರೂ ಕೇಳ್ಲಿ" ಅಂದೆ.

ಅವನು ಹಮಾಲರ ಕಡೆ ನೋಡಿದ. ಕೈ ಹಿಂದಕ್ಕೆ ಎಳೆದುಕೊಂಡು ಗೇಟು ದಾಟಿ ಹೋದ. ಟವೆಲ್ಲು ನನ್ನ ಹತ್ತಿರವೇ ಉಳಿಯಿತು. ಗಟ್ಟಿ ನೂಲಿನದು, ಕಂಪ್ಯೂಟರಿನ ಮೇಲೆ ಕೂತ ಹತ್ತಿಯ ಧೂಳು ಒರೆಸಲು ಬಹಳ ದಿನ ಬಂತು.