ಮೂರನೇ ಪಾರ್ಕಿನಲ್ಲಿ ಕೂಗಿದ್ದು

"ಮೊದಲನೇ ಪಾರ್ಕಿನ ಗೇಟೇ ಚೆನ್ನಾಗಿತ್ತು" ಅಂದರು ಚಿಕ್ಕ ಸಾರ್. ನಾವಿನ್ನೂ ಗೇಟು ದಾಟಿರಲಿಲ್ಲ. ಬ್ಯಾಗು ತಪಾಸಣೆಯ ಸಾಲಿನಲ್ಲಿ ನಿಂತಿದ್ದೆವು. ಮುಂದೆ ಒಂದು ದೊಡ್ಡ ಕುಟುಂಬ, ಅವರ ಬ್ಯಾಗಿನೊಳಗೆ ಇನ್ನೊಂದು ಬ್ಯಾಗು, ಅದರೊಳಗೆ ಮತ್ತೊಂದು.

ನನ್ನ ಸರದಿ ಬಂದಾಗ ಕಾವಲಿನವನು ನನ್ನ ಟಾರ್ಚನ್ನು ಎತ್ತಿ ಹಿಡಿದು, ಹಗಲಲ್ಲಿ ಇದೇಕೆ ಎಂಬಂತೆ ನೋಡಿದ. ಸವಾರಿಗಳ ಅಡಿಯಲ್ಲಿ ಬೋಲ್ಟು ನೋಡುವುದಕ್ಕೆ ಎಂದು ನನ್ನ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಹೇಳಿದೆ. ಹೇಳಬಾರದಿತ್ತು. ಅವನು ಇನ್ನೊಬ್ಬನನ್ನು ಕರೆದ. ಇಬ್ಬರೂ ಸೇರಿ ಟಾರ್ಚನ್ನು ಒಂದು ಡಬ್ಬಿಗೆ ಹಾಕಿ, ಸಂಜೆ ತೆಗೆದುಕೊಂಡು ಹೋಗು ಎಂದು ಸನ್ನೆ ಮಾಡಿದರು.

"ಮದುವೆ ಮನೆಗೆ ಬಂದು ಅಡುಗೆಯವರ ಸೌಟು ತೊಳೆಯೋಕೆ ಹೋಗೋಳು ನೀನು" ಎಂದು ಚಿಕ್ಕ ಸಾರ್ ನಕ್ಕರು.

ನಾನು ನಗಲಿಲ್ಲ. ನನಗೆ ಆ ದಿನ ಒಂದೇ ಒಂದು ಸಂಗತಿ ನೋಡಬೇಕಿತ್ತು. ಅದನ್ನು ನೋಡುವುದಕ್ಕೇ ಇಷ್ಟು ದೂರ ಬಂದಿದ್ದು.

ನಾನು ಕೆಲಸ ಮಾಡುವುದು ನಮ್ಮೂರಿನ ಅಂಚಿನಲ್ಲಿರುವ ಒಂದು ಸಣ್ಣ ಪಾರ್ಕಿನಲ್ಲಿ. ಒಂದು ರೋಲರ್ ಕೋಸ್ಟರ್, ಒಂದು ತೂಗುದೋಣಿ, ಒಂದು ಜೈಂಟ್ ವೀಲ್, ಮತ್ತೆ ಮಕ್ಕಳ ಚಿಲ್ಲರೆ ಆಟಗಳು. ಯಜಮಾನರು ಇಬ್ಬರು ಅಣ್ಣತಮ್ಮಂದಿರು, ದೊಡ್ಡ ಸಾರ್ ಮತ್ತು ಚಿಕ್ಕ ಸಾರ್. ಸವಾರಿ ಹೊರಡುವ ಮುಂಚೆ ಕೂತ ಒಬ್ಬೊಬ್ಬರ ಮಡಿಲ ಮೇಲೂ ಒಂದೊಂದು ಅಡ್ಡಸರಳು ಇಳಿದು ಬೀಗ ಬೀಳುತ್ತದಲ್ಲ, ಅದನ್ನು ನೋಡಿಕೊಳ್ಳುವ ಹೆಂಗಸರಿಗೆ ನಾನು ಮೇಲ್ವಿಚಾರಕಿ. ಜನ ಅವರನ್ನು ಸರಳಿನ ಅಕ್ಕಂದಿರು ಅನ್ನುತ್ತಾರೆ. ಗಾಡಿಯ ಈ ಕಡೆ ಒಬ್ಬಳು, ಆ ಕಡೆ ಒಬ್ಬಳು. ಪ್ರತಿ ಸರಳನ್ನೂ ಕೈಯಲ್ಲಿ ಮೇಲಕ್ಕೆಳೆದು ನೋಡಿ "ಬಿಗಿಯಾ?" ಎಂದು ಕೇಳಬೇಕು. ಕೂತವರು "ಬಿಗಿ!" ಎಂದು ಕೂಗಬೇಕು. ಕೂಗದಿದ್ದರೆ ಗಾಡಿ ಹೊರಡುವುದಿಲ್ಲ. ಎಂದೋ ಒಮ್ಮೆ ಒಂದು ಸರಳು ಕೈಚೀಲದ ಪಟ್ಟಿಯ ಮೇಲೆ ಕೂತು ಬೀಗ ಬಿದ್ದಂತೆ ಕಂಡಿತ್ತಂತೆ. ಆಮೇಲೆ ದೊಡ್ಡ ಸಾರ್ ಈ ಪದ್ಧತಿ ತಂದರು. ಈಗ ಮಕ್ಕಳಿಗೆ ಸವಾರಿಗಿಂತ ಈ ಕೂಗಾಟವೇ ಇಷ್ಟ.

ಚಿಕ್ಕ ಸಾರ್‌ಗೆ ಇದು ಸಂತೆಯ ಗದ್ದಲ. ಬೀಗ ಬಿದ್ದರೆ ಹಸಿರು ದೀಪ ಹತ್ತುವ ಯಂತ್ರ ಹಾಕಿಸೋಣ, ಅಕ್ಕಂದಿರು ಬೇಡ, ಸಾಲು ಬೇಗ ಸಾಗುತ್ತದೆ ಎಂದು ಅವರ ಹಟ. ದೊಡ್ಡ ಸಾರ್ ಕೊನೆಗೆ ಹೇಳಿದರು: "ಹೊರದೇಶದ ದೊಡ್ಡ ಪಾರ್ಕು ಮೂರು ನೋಡ್ಕೊಂಡು ಬನ್ನಿ. ಹೆಚ್ಚಿನವರು ಹೇಗೆ ಮಾಡ್ತಾರೋ ನಾವೂ ಹಾಗೇ." ಆಮೇಲೆ ನನ್ನನ್ನು ಬೇರೆ ಕರೆದು, "ಅವನು ಬಣ್ಣ ನೋಡ್ತಾನೆ, ನೀನು ಬೋಲ್ಟು ನೋಡು" ಅಂದಿದ್ದರು.

ಮೊದಲನೇ ಪಾರ್ಕಿನಲ್ಲಿ ಒಬ್ಬ ವಯಸ್ಸಾದವನು ಪ್ರತಿ ಸರಳನ್ನೂ ಕೈಯಿಂದ ಎಳೆದು ನೋಡಿದ್ದ. ನನಗೆ ಖುಷಿಯಾಗಿ, ಸವಾರಿಯಲ್ಲಿ ಕಿರುಚುವುದೇ ಮರೆತುಹೋಗಿತ್ತು. ಎರಡನೆಯದರಲ್ಲಿ ಯಾರೂ ಹತ್ತಿರವೇ ಬರಲಿಲ್ಲ. ಗಾಜಿನ ಕೋಣೆಯಲ್ಲಿ ದೀಪ ಹತ್ತಿತು, ಗಾಡಿ ಹೊರಟಿತು. ಹಾಗಾಗಿ ಇವತ್ತಿನ ಪಾರ್ಕಿನ ಮೇಲೆ ಅಕ್ಕಂದಿರ ಅನ್ನ ನಿಂತಿತ್ತು. ಅವರಲ್ಲಿ ನನ್ನ ನಾದಿನಿಯೂ ಒಬ್ಬಳು.

ಒಳಗೆ ಬಂದವಳು ನೇರ ಕೋಸ್ಟರಿನ ಕಡೆ ನಡೆದೆ. ಅದರ ಬಾಯಿಗೆ ಸರಪಳಿ ಹಾಕಿ, ಮಧ್ಯಾಹ್ನದ ಮೇಲೆ ತೆರೆಯುತ್ತೇವೆ ಎಂದು ಬೋರ್ಡು ತೂಗಿಸಿದ್ದರು.

"ಬಂತಲ್ಲ ಬಿಡುವು! ಬಾ, ಫೋಟೋ ತೆಗಿ" ಅಂದರು ಚಿಕ್ಕ ಸಾರ್.

ಆಮೇಲೆ ಅವರ ಹಿಂದೆ ಸುತ್ತಿದೆ. ಕರಡಿ ವೇಷದವನ ಜೊತೆ ಫೋಟೋ. ಕಾರಂಜಿಯ ಮುಂದೆ ಫೋಟೋ. ಬಿಸಿಲು ನೆತ್ತಿಗೆ ಬಂತು. ಎರಡನೇ ಪಾರ್ಕಿನ ಬೆಂಚು ಇದಕ್ಕಿಂತ ಮೆತ್ತಗಿತ್ತು, ಮೊದಲನೇ ಪಾರ್ಕಿನ ಐಸ್‌ಕ್ರೀಮು ಇಷ್ಟು ಬೇಗ ಕರಗುತ್ತಿರಲಿಲ್ಲ, ಇಲ್ಲಿನ ಕರಡಿಗಿಂತ ಅಲ್ಲಿನ ಮೊಲಕ್ಕೆ ಮರ್ಯಾದೆ ಗೊತ್ತಿತ್ತು. ಅವರು ಹೇಳಿದ್ದಕ್ಕೆಲ್ಲ ನಾನು ಹೂಂಗುಟ್ಟುತ್ತಲೇ ಇದ್ದೆ. ಮಕ್ಕಳ ಪುಟ್ಟ ರೈಲಿನ ಹತ್ತಿರ ಒಬ್ಬಳು ಪ್ರತಿ ಮಗುವಿನ ಬೆಲ್ಟನ್ನು ಎಳೆದು ನೋಡುತ್ತಿದ್ದಳು.

"ಸಾರ್, ಅಲ್ಲಿ ನೋಡಿ, ಕೈಯಲ್ಲೇ ನೋಡ್ತಿದ್ದಾಳೆ."

"ತೊಟ್ಟಿಲು ತೂಗೋದನ್ನೂ ಲೆಕ್ಕಕ್ಕೆ ತಗೋತೀಯಾ? ದೊಡ್ಡ ಸವಾರಿ ಮಾತ್ರ ಲೆಕ್ಕ ಅಂತ ಮಾತಾಗಿದೆ."

ಮಾತಾಗಿದ್ದು ನಿಜ. ಒಪ್ಪಿಕೊಂಡವಳು ನಾನೇ. ಅಷ್ಟರಲ್ಲಿ ನಾದಿನಿಯ ಫೋನು ಬಂತು.

"ಅತ್ತಿಗೆ, ಕೈಯಾ ದೀಪನಾ?"

"ಇನ್ನೂ ಗೊತ್ತಾಗಿಲ್ಲ. ಬೆಳಗಿನಿಂದ ಬರೀ ಕ್ಯೂ."

"ಕ್ಯೂ ನೋಡೋಕೆ ವಿಮಾನ ಹತ್ತಿ ಹೋದ್ಯಾ? ನೀರಿನ ಟ್ಯಾಂಕರ್ ಹತ್ರ ನಾನೇ ತೋರಿಸ್ತಿದ್ನಲ್ಲ!" ಅವಳ ಹಿಂದೆ ಉಳಿದ ಅಕ್ಕಂದಿರು ನಗುವುದು ಕೇಳಿಸಿತು. ಊಟದ ಬಿಡುವಿರಬೇಕು. ಫೋನನ್ನು ಸ್ಪೀಕರಿನಲ್ಲಿ ಇಟ್ಟುಕೊಂಡು ಎಲ್ಲರೂ ಸುತ್ತ ಕೂತಿದ್ದರು.

ಸರಪಳಿ ತೆಗೆದಾಗ ಇಡೀ ಪಾರ್ಕೇ ಆ ಬಾಯಿಗೆ ನುಗ್ಗಿದಂತಾಯಿತು. ಸಾಲು ಒಂದು ಕೋಣೆಯೊಳಗೆ ಹೋಯಿತು. ಇದೇ ಕೊನೆ ಎಂದುಕೊಂಡರೆ ತಿರುವಿನಾಚೆ ಇನ್ನೊಂದು ಕೋಣೆ. ಕೋಣೆಗಳನ್ನು ಗುಹೆಯ ಹಾಗೆ ಮಾಡಿ, ಗೋಡೆಗೆ ಬಾವಲಿಗಳನ್ನು ಅಂಟಿಸಿದ್ದರು. ಗೋಡೆಯಾಚೆ ಸರಳು ಇಳಿಯುವ ಬುಸ್ಸೆನ್ನುವ ಸದ್ದು ಕೇಳುತ್ತಿತ್ತು. ಆ ಸದ್ದಾದ ಮೇಲೆ ಯಾರಾದರೂ ಸರಳನ್ನು ಎಳೆದು ನೋಡುವ ಸದ್ದು ಬರುತ್ತದಾ ಎಂದು ಕಿವಿ ಕೊಟ್ಟೆ. ಹಿಂದಿನ ಹುಡುಗಿಯರು ಹಾಡುತ್ತಿದ್ದರು. ಏನೂ ತಿಳಿಯಲಿಲ್ಲ.

"ಎರಡನೇ ಪಾರ್ಕಲ್ಲಿ ಕ್ಯೂನಲ್ಲಿ ಫ್ಯಾನ್ ಇತ್ತು" ಅಂದರು ಚಿಕ್ಕ ಸಾರ್.

"ಅಲ್ಲಿ ಸರಳು ಹಿಡಿಯೋ ಕೈ ಇರ್ಲಿಲ್ಲ ಸಾರ್."

"ಅದಕ್ಕೇ ಫ್ಯಾನ್ ಇತ್ತು."

ಕೊನೆಗೆ ಗಾಡಿ ನಿಲ್ಲುವ ಕಟ್ಟೆ ಕಾಣಿಸಿತು. ಈಚೆ ಕಡೆ ಜುಟ್ಟು ಕಟ್ಟಿದ ಹುಡುಗಿಯೊಬ್ಬಳು ನಡೆದು ಬಂದು ತನ್ನ ಕಡೆಯ ಪ್ರತಿ ಸರಳನ್ನೂ ಎರಡು ಬೆರಳಿನಿಂದ ಮೇಲಕ್ಕೆ ಎಳೆದಳು. ನಾನು ಚಿಕ್ಕ ಸಾರ್ ತೋಳನ್ನೇ ಹಿಡಿದುಬಿಟ್ಟೆ.

"ಕೈ ಸಾರ್! ನೋಡಿ!"

"ಆ ಕಡೆ ನೋಡು" ಅಂದರು ಅವರು, ತೋಳು ಬಿಡಿಸಿಕೊಳ್ಳುತ್ತಾ.

ಆಚೆ ಕಡೆ ಒಬ್ಬ ಕನ್ನಡಕದ ಹುಡುಗ. ಅವನ ಎದುರಿನ ಕಂಬದಲ್ಲಿ ಸಾಲಾಗಿ ಹಸಿರು ದೀಪಗಳು. ಅವನು ದೀಪ ನೋಡಿ ಹೆಬ್ಬೆರಳು ಎತ್ತಿದ. ಹುಡುಗಿ ಗುಂಡಿ ಒತ್ತಿದಳು. ಗಾಡಿ ಹೊರಟಿತು.

ಅಂದರೆ ಒಂದು ಕಡೆ ಕೈ, ಒಂದು ಕಡೆ ದೀಪ. ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಆ ಹುಡುಗ ಹೊಸಬನೇ? ಸೋಮಾರಿಯೇ? ಕೈ ಹಾಕಬೇಕೆಂದು ನಿಯಮವಿದ್ದು ಅವನು ಹಾಕುತ್ತಿಲ್ಲವೇ, ಅಥವಾ ನಿಯಮವೇ ಹೀಗೋ? ಇನ್ನೊಂದೆರಡು ಗಾಡಿ ಹೊರಡುವವರೆಗೂ ನಿಂತು ನೋಡಬೇಕಿತ್ತು. ಹಿಂದಿನವರು ನೂಕಿದರು. ನಮ್ಮನ್ನು ಕೂರಿಸಿಬಿಟ್ಟರು. ಚಿಕ್ಕ ಸಾರ್ ಹುಡುಗಿಯ ಕಡೆ, ನಾನು ಕನ್ನಡಕದವನ ಕಡೆ.

ಬುಸ್ಸೆಂದು ಸರಳು ಮಡಿಲಿಗೆ ಇಳಿಯಿತು. ಹುಡುಗಿ ಬಂದು ಚಿಕ್ಕ ಸಾರ್ ಸರಳನ್ನು ಎಳೆದು ನೋಡಿದಳು. ನನ್ನ ಕಡೆಗೆ ಯಾರೂ ಬರಲಿಲ್ಲ. ಹುಡುಗ ದೀಪ ನೋಡಿದ, ಹೆಬ್ಬೆರಳು ಎತ್ತಿದ.

ನಮ್ಮ ಪಾರ್ಕಿನಲ್ಲಿ ದಿನಾ ಬೆಳಿಗ್ಗೆ ಜನ ಬರುವ ಮುಂಚೆ ಒಂದು ಪರೀಕ್ಷೆಯ ಸುತ್ತು ಬಿಡುತ್ತೇವೆ. ಮುಂದಿನ ಸೀಟಿನಲ್ಲಿ ಮೇಲ್ವಿಚಾರಕಿ ಕೂತು, ಮೇಲಿನ ಕೋಣೆಯಲ್ಲಿರುವ ಆಪರೇಟರಿಗೆ ಕೇಳಿಸುವಂತೆ ಕೂಗಬೇಕು. ವರ್ಷಗಟ್ಟಲೆ ಕೂಗಿದ್ದೇನೆ. ಬುಸ್ಸೆನ್ನುವ ಸದ್ದು ನಿಂತ ಕೂಡಲೇ ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

"ಬಿಗೀ!"

ಗುಹೆಯಲ್ಲವೇ, ಕೂಗು ನಾಲ್ಕು ಕಡೆ ಬಡಿದು ವಾಪಸ್ ಬಂತು. ಚಿಕ್ಕ ಸಾರ್ ಬೆಚ್ಚಿಬಿದ್ದರು. ಹಸಿರು ಗುಂಡಿಯ ಮೇಲಿದ್ದ ಹುಡುಗಿಯ ಕೈ ಕೆಂಪು ಗುಂಡಿಗೆ ಹಾರಿತು. ಎಲ್ಲೋ ಗಂಟೆ ಹೊಡೆಯಿತು. ಕನ್ನಡಕದವನು ಓಡಿಬಂದು ನನ್ನ ಸರಳನ್ನು ಎರಡೂ ಕೈಯಿಂದ ಹಿಡಿದು ಎಳೆದ, ಅಲುಗಿಸಿದ, ಸರಳಿಗೂ ನನ್ನ ಹೊಟ್ಟೆಗೂ ನಡುವೆ ಬೆರಳು ತೂರಿಸಿ ನೋಡಿದ. ಅವನ ಮುಖ ಬಿಳಿಚಿಕೊಂಡಿತ್ತು.

ಏನೂ ಇಲ್ಲ, ಸರಿಯಿದೆ, ಅಭ್ಯಾಸ ಎಂದು ಹೇಳಲು ನೋಡಿದೆ. ಅಭ್ಯಾಸ ಎನ್ನುವುದನ್ನು ಅವನಿಗೆ ಹೇಗೆ ತಿಳಿಸುವುದು? ಹಿರಿಯ ಅಧಿಕಾರಿಯೊಬ್ಬ ಬಂದ. ಕೂತವರು ಯಾರಾದರೂ ಕೂಗಿದರೆ ಗಾಡಿ ನಿಲ್ಲಿಸಬೇಕು, ಪೂರ್ತಿ ತಪಾಸಣೆಯಾಗದೆ ಮತ್ತೆ ಬಿಡುವಂತಿಲ್ಲ, ಅದು ಇಲ್ಲಿನ ಕಟ್ಟುನಿಟ್ಟಿನ ನಿಯಮ ಎಂದು ಅವನು ನಿಧಾನವಾಗಿ ಬಿಡಿಸಿ ಹೇಳಿದ. ಎಲ್ಲರನ್ನೂ ಇಳಿಸಿದರು. ಗುಹೆಯಲ್ಲಿದ್ದ ಸಾಲನ್ನೆಲ್ಲ ಹಿಂದಕ್ಕೆ ಕಳಿಸಿದರು. ಹಾಡುತ್ತಿದ್ದ ಹುಡುಗಿಯರು ನನ್ನ ಪಕ್ಕದಲ್ಲೇ, ನನ್ನನ್ನು ನೋಡದೆ ಹೋದರು. ಒಂದು ಮಗು ಅಳುತ್ತಿತ್ತು. ಬಾವಲಿಗಳ ನಡುವೆ ನಾನೂ ಗೋಡೆಗೆ ಅಂಟಿಕೊಂಡರೆ ಸಾಕಾಗಿತ್ತು.

"ಮಾನ ಕಳೆದೆ" ಅಂದರು ಚಿಕ್ಕ ಸಾರ್. "ಊರಿನ ರೋಗ ಊರಲ್ಲಿ ಬಿಟ್ಟು ಬರಬಾರದಾ?"

ಮತ್ತೆ ತೆರೆಯಬಹುದೆಂದು ಎದುರಿನ ಬೆಂಚಿನಲ್ಲಿ ಕೂತೆ. ಇನ್ನೊಂದು ಸಲ ಆ ಹುಡುಗನ ಕೈ ನೋಡಬೇಕಿತ್ತು. ಬಿಸಿಲು ಇಳಿಯಿತು. ಖಾಲಿ ಗಾಡಿ ಹೋಗುತ್ತಿತ್ತು, ಬರುತ್ತಿತ್ತು. ಸರಪಳಿ ತೆಗೆಯಲಿಲ್ಲ. ನೋಡಬೇಕೆಂದು ಬಂದದ್ದನ್ನು ನಾನೇ ಮುಚ್ಚಿಸಿಕೊಂಡು ಕೂತಿದ್ದೆ.

ಚಿಕ್ಕ ಸಾರ್ ಅಣ್ಣನಿಗೆ ಫೋನು ಮಾಡಿದರು. ನನ್ನ ಕೂಗಿನ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದರು. "ಇಲ್ಲೂ ದೀಪವೇ ಅಣ್ಣಾ. ಇವಳು ಕೈ ಅಂತಾಳೆ, ನಂಬಬೇಡ." ಆಮೇಲೆ ಫೋನನ್ನು ನನ್ನ ಕಡೆ ಚಾಚಿದರು.

"ಏನಮ್ಮಾ, ಕೂಗಿದ್ಯಂತೆ?" ದೊಡ್ಡ ಸಾರ್ ದನಿಯಲ್ಲಿ ಸಿಟ್ಟಿರಲಿಲ್ಲ.

"ತಪ್ಪಾಯ್ತು ಸಾರ್."

"ಅದಿರ್ಲಿ. ಕೈಯೋ ದೀಪವೋ? ನೀನು ನೋಡಿದ್ದು ಹೇಳು."

ಆ ಹುಡುಗ ಹೊಸಬನಿರಬೇಕು ಸಾರ್ ಎನ್ನಬಹುದಿತ್ತು. ಇರಲೂಬಹುದು. ಆದರೆ ನನಗೆ ಗೊತ್ತಿರಲಿಲ್ಲ. "ಒಂದು ಕಡೆ ಕೈ, ಒಂದು ಕಡೆ ದೀಪ ಸಾರ್" ಅಂದೆ. "ಆದ್ರೆ ನಾನು ಕೂಗಿದಾಗ ದೀಪದ ಹುಡುಗನೂ ಓಡಿ ಬಂದು ಕೈಯಲ್ಲೇ ನೋಡಿದ. ದೀಪ ಹಸಿರಾಗೇ ಇತ್ತು. ಅದನ್ನ ಅವನೇ ನಂಬಲಿಲ್ಲ."

ಗೆದ್ದೆ ಅಂದುಕೊಂಡೆ.

"ಸರಿ. ಹಾಗಾದ್ರೆ ನಾವೂ ಹಾಗೇ ಮಾಡೋಣ. ಒಂದು ಕಡೆ ಅಕ್ಕ, ಒಂದು ಕಡೆ ದೀಪ. ಅವನಿಗೂ ಸಮಾಧಾನ, ನಿನಗೂ ಸಮಾಧಾನ."

"ಸಾರ್, ಅರ್ಧ ಬಿಗಿ ಅಂತ ಇರುತ್ತಾ?" ದನಿ ಏರಿದ್ದು ನನಗೇ ತಿಳಿಯಲಿಲ್ಲ. "ಈ ಕಡೆ ಕೂತವರಿಗೆ ಅಕ್ಕ, ಆ ಕಡೆ ಕೂತವರಿಗೆ ದೇವರೇ ಗತಿ ಅಂತ ಬೋರ್ಡ್ ಹಾಕೋಣವಾ?"

"ಅಷ್ಟು ದೊಡ್ಡ ಪಾರ್ಕಿನವರೇ ಹಾಗೆ ಮಾಡ್ತಾರೆ ಅಂದ್ಮೇಲೆ, ಅವರಿಗಿಂತ ಬುದ್ಧಿವಂತರಾ ನಾವು? ಯಾರು ಇರಬೇಕು, ಯಾರು ಹೋಗಬೇಕು ಅಂತ ನೀನೇ ಹೇಳು. ನಿನ್ನ ಕೈಕೆಳಗಿನವರು."

"ನಾನು ಹೇಳಲ್ಲ ಸಾರ್."

"ಬೇಡ ಬಿಡು. ತಮ್ಮನೇ ಹೇಳ್ತಾನೆ."

ತಿರುಗಿ ನೋಡಿದೆ. ಚಿಕ್ಕ ಸಾರ್ ಬೆಳಗಿನ ಫೋಟೋಗಳಲ್ಲಿ ಯಾವುದು ಚೆನ್ನಾಗಿದೆ ಎಂದು ಕ್ಯಾಮೆರಾದಲ್ಲಿ ಹುಡುಕುತ್ತಿದ್ದರು. ಅವರಿಗೆ ಅಕ್ಕಂದಿರಲ್ಲಿ ಒಬ್ಬಳ ಹೆಸರೂ ಗೊತ್ತಿರಲಿಲ್ಲ.

"ಬೇಡ ಸಾರ್" ಅಂದೆ. "ನಾನೇ ಹೇಳ್ತೀನಿ."

ಫೋನು ಇಟ್ಟು ಸ್ವಲ್ಪ ಹೊತ್ತಾಗಿತ್ತು, ನನ್ನದು ಬಡಿದುಕೊಂಡಿತು. ಈ ಸಲ ನಾದಿನಿಯ ಹಿಂದೆ ನಗು ಇರಲಿಲ್ಲ. ಒಬ್ಬಳೇ ಇದ್ದಳು.

"ಅತ್ತಿಗೆ, ಕೈಯಾ ದೀಪನಾ?"

"ಎರಡೂ."

"ಅಂದ್ರೆ ಗೆದ್ವಾ?"

"ಅರ್ಧ. ಗಾಡಿಗೆ ಒಬ್ಬಳು ಉಳೀತಾಳೆ. ಯಾರು ಅಂತ ನಾನು ಹೇಳಬೇಕು."

ಅವಳನ್ನು ಇಟ್ಟುಕೊಂಡು ಇನ್ನೊಬ್ಬಳನ್ನು ಕಳಿಸಿದರೆ ಆ ಇನ್ನೊಬ್ಬಳ ಮುಖವನ್ನು ನಾನು ಹೇಗೆ ನೋಡಲಿ? ಕೆಲಸದಲ್ಲಿ ಅವಳೇ ಎಲ್ಲರಿಗಿಂತ ಚುರುಕು ಎಂದರೆ ಯಾರು ನಂಬುತ್ತಾರೆ?

"ಗೊತ್ತಾಯ್ತು" ಅಂದಳು ನಾದಿನಿ. "ಹೋಗೋರಲ್ಲಿ ಮೊದಲು ನನ್ನ ಹೆಸರೇ ಹೇಳಬೇಕು. ಇಲ್ಲಾಂದ್ರೆ ನಿನ್ನನ್ನ ಹರಿದು ತಿಂತಾರೆ."

"ನಾನು ಇನ್ನೂ ಏನೂ..."

"ಇರ್ಲಿ ಬಿಡು ಅತ್ತಿಗೆ. ಅಲ್ಲಿಂದ ನಂಗೆ ಏನಾದ್ರೂ ತರ್ತಿದ್ದೀಯಾ, ಇಲ್ಲಾ ಇದೊಂದೇನಾ?"

ಅವಳು ನಗಲು ನೋಡಿದಳು. ಆಗಲಿಲ್ಲ. ಫೋನು ಇಟ್ಟುಬಿಟ್ಟಳು.

ಗೇಟಿನಲ್ಲಿ ಕಾವಲಿನವನು ಡಬ್ಬಿಯಿಂದ ನನ್ನ ಟಾರ್ಚು ತೆಗೆದುಕೊಟ್ಟ. ಹತ್ತಿಸಿ ನೋಡಿದೆ, ಹತ್ತಿತು. ಚಿಕ್ಕ ಸಾರ್ ಗೇಟನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿ ತಲೆಯಾಡಿಸಿದರು.

"ಏನೇ ಹೇಳು, ಮೊದಲನೇ ಪಾರ್ಕೇ ಚೆನ್ನಾಗಿತ್ತು."

"ಹೌದು ಸಾರ್" ಅಂದೆ. "ಮೊದಲನೇದೇ ಚೆನ್ನಾಗಿತ್ತು."

ಇಡೀ ಪ್ರವಾಸದಲ್ಲಿ ನಾವಿಬ್ಬರೂ ಒಪ್ಪಿದ್ದು ಅದೊಂದೇ ಮಾತು. ಅವರಿಗೆ ಖುಷಿಯಾಗಿ, ಬಸ್ಸಿನಲ್ಲಿ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು.