ಕುಶಲ ಕೇಳಲು ಬಂದವರು

“ಹುಟ್ಟಿದಾಗ ನನ್ನ ಮಗಳ ಬಾಯಲ್ಲಿ ಊರೇ ಏಳೋ ಹಂಗೆ ಅಳು ಇತ್ತು. ಈಗ ಐದು ತುಂಬಿದ್ರೂ ಒಂದು ಮಾತಿಲ್ಲ. ಎಲ್ಲಿ ಹೋಯ್ತು ಅಂತ ನಿಮ್ಮವ್ವನ್ನೇ ಕೇಳು,” ಎಂದಳು ಲಮಿಸಿ, ವುಂಪಿನಿಯ ಕಡೆ ತಿರುಗಿ.

ಬೆಣ್ಣೆ ತೆಗೆಯಲು ಶಿಯಾ ಮರದ ಬೀಜ ಕುಟ್ಟುತ್ತಿದ್ದ ನಾವು ಹೆಂಗಸರೆಲ್ಲ ಒನಕೆ ನಿಲ್ಲಿಸಿದೆವು. ಇಷ್ಟು ದಿನ ನೀರಿನ ಪಂಪಿನ ಹತ್ತಿರ ಪಿಸುಗುಟ್ಟುತ್ತಿದ್ದ ಮಾತು ಇವತ್ತು ಅಂಗಳಕ್ಕೇ ಬಂದು ಕೂತಿತ್ತು.

ವುಂಪಿನಿ ತಲೆ ಎತ್ತಲಿಲ್ಲ. “ಕದ್ದ ಮಾತು ಕದ್ದೋಳ ಬಾಯಲ್ಲಿ ಇರಬೇಕಲ್ಲ ತಂಗಿ? ನಮ್ಮವ್ವಂಗೆ ಇದ್ದ ಮಾತೇ ಉದುರಿ ಹೋಗ್ತಿವೆ. ನಿನ್ನ ಮಗಳದ್ದೂ ಸೇರಿದ್ರೆ ರೇಡಿಯೋ ಥರ ಆಡ್ಬೇಕಿತ್ತು.”

ಯಾರೋ ಕಿಸಕ್ಕೆಂದರು. ಲಮಿಸಿ ನಗಲಿಲ್ಲ.

ವುಂಪಿನಿಯ ತಾಯಿ ಸನಾತು ಗೋಡೆಯ ನೆರಳಲ್ಲಿ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಲಮಿಸಿಯ ಮಗಳು ರಹಿನಾ. ಇಬ್ಬರೂ ಶಿಯಾ ಬೀಜಗಳನ್ನು ಸಾಲಾಗಿ ಇಡುತ್ತಿದ್ದರು. ಸಾಲು ಸೊಟ್ಟಗಾದರೆ ಮಗು ಕಿರುಚುತ್ತಿತ್ತು, ಮುದುಕಿ ನೆಟ್ಟಗೆ ಮಾಡುತ್ತಿದ್ದಳು. ಬೇರೆ ಯಾರು ಮುಟ್ಟಿದರೂ ಕೊಸರಿಕೊಳ್ಳುವ ಮಗು ಅವಳ ಮೊಣಕಾಲಿಗೆ ಮಾತ್ರ ಒರಗುತ್ತಿತ್ತು. ಲಮಿಸಿಯ ಹೊಟ್ಟೆಗೆ ಬೆಂಕಿ ಬಿದ್ದದ್ದೂ ಅಲ್ಲೇ ಇರಬೇಕು.

ಉತ್ತರದ ಧೂಳುಗಾಳಿ ಶುರುವಾದಂದಿನಿಂದ ಸನಾತು ಹೆಚ್ಚೇ ಬದಲಾಗಿದ್ದಳು. ಕುಶಲ ಕೇಳಿದವರ ಮುಖವನ್ನೇ ನೋಡುತ್ತ ಸುಮ್ಮನಿರುತ್ತಿದ್ದಳು. ನಮ್ಮಲ್ಲಿ ಬೈದವರನ್ನು ಮರೆಯುತ್ತಾರೆ, ಕುಶಲಕ್ಕೆ ಉತ್ತರ ಕೊಡದವರನ್ನು ಮರೆಯುವುದಿಲ್ಲ. ಹೋದ ವಾರ ಬೆಳಕು ಹರಿಯುವ ಮೊದಲು ಎದ್ದವಳು ತನ್ನ ಕೋಣೆಯೆಂದು ಲಮಿಸಿಯ ಕೋಣೆಗೆ ಹೊಕ್ಕು, ಮಲಗಿದ್ದ ಮಗುವಿನ ಬಾಯಿಯ ಮೇಲೆ ಕೈಯಾಡಿಸುತ್ತ ಕೂತಿದ್ದಳು. ಆಮೇಲೆ ಯಾರೂ ಅವಳ ಸೋರೆಬುರುಡೆಯಲ್ಲಿ ನೀರು ಕುಡಿಯಲಿಲ್ಲ.

ವುಂಪಿನಿ ತಾಯಿಯನ್ನು ತಮಾಲೆ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದು ಬಂದಿದ್ದಳು. “ಮಿದುಳು ಸವೀತಾ ಇದೆಯಂತೆ, ಹಳೇ ಚಾಪೆ ಥರ,” ಎಂದು ನಮಗೆಲ್ಲ ಹೇಳಿದಳು. “ರಹಿನಾ ವಿಷಯಾನೂ ಕೇಳ್ದೆ. ಅದರ ಮಿದುಳು ಹುಟ್ಟಿನಿಂದಲೇ ಬೇರೆ ಥರ ಬೆಳೀತಾ ಇರಬಹುದು, ಕರ್ಕೊಂಡು ಬನ್ನಿ ಅಂದ್ರು ಸಿಸ್ಟರ್. ಯಾರೂ ಮಾಡಿದ್ದಲ್ಲ, ಯಾರೂ ತಿಂದಿದ್ದಲ್ಲ.”

ಲಮಿಸಿ ಹೋಗಲಿಲ್ಲ. ಅವಳು ಹೋದದ್ದು ಆಚೆ ಕೇರಿಯಲ್ಲಿದ್ದ ಮನೆತನದ ಯಜಮಾನ ದಾವುನಿಯ ಬಳಿಗೆ. ದಾವುನಿ ಅವಳ ಮಾವ, ಸನಾತುವಿನ ಮೈದುನ, ಮೆತ್ತಗಿನ ಮನುಷ್ಯ.

“ಶುಕ್ರವಾರ ಬರ್ತೀನಿ,” ಎಂದು ಅವನು ವುಂಪಿನಿಗೆ ಹೇಳಿ ಕಳಿಸಿದ. “ಅತ್ತಿಗೆ ಹತ್ರ ಏನೂ ವಿಚಾರಣೆ ಮಾಡಲ್ಲ. ಕುಶಲ ಕೇಳ್ತೀನಿ ಅಷ್ಟೇ. ನೆಟ್ಟಗೆ ಉತ್ತರ ಕೊಟ್ರೆ ಇದು ವಯಸ್ಸು ಅಂತ ಎಲ್ಲರ ಬಾಯಿ ಮುಚ್ಚಿಸ್ತೀನಿ.”

ಕೊಡದಿದ್ದರೆ ಏನೆಂದು ಅವನು ಹೇಳಲಿಲ್ಲ. ಗುಡ್ಡದಾಚೆ, ಮಾಟಗಾತಿಯರೆಂದು ಊರು ಬಿಡಿಸಿದ ಮುದುಕಿಯರ ಗುಡಿಸಲುಗಳಿವೆ. ಹೋದ ವರ್ಷ ಪಕ್ಕದ ಹಳ್ಳಿಯವಳೊಬ್ಬಳು ಅಲ್ಲಿಯವರೆಗೂ ತಲುಪಿರಲಿಲ್ಲ, ದಾರಿಯಲ್ಲಿ ಜನರ ಕೈಯಲ್ಲಿ ಕಲ್ಲುಗಳಿದ್ದವು.

ಆ ವಾರವೆಲ್ಲ ವುಂಪಿನಿ ತಾಯಿಗೆ ಪಾಠ ಹೇಳಿದಳು. ಅಂಬಲಿ ಕುಡಿಸುವಾಗ, ತಲೆಗೆ ಬೆಣ್ಣೆ ಹಚ್ಚುವಾಗ. “ಅವ್ವಾ, ಯಾರು ಏನೇ ಕೇಳಲಿ, ತಲೆ ಬಗ್ಗಿಸಿ ‘ಹೂಂ, ಹೌದಪ್ಪ’ ಅನ್ನು. ರಾತ್ರಿ ನಿದ್ದೆ ಬಂತಾ?”

“ಹೂಂ, ಹೌದಪ್ಪ.”

“ಅಪ್ಪ ಅಲ್ಲ, ನಾನು ನಿನ್ನ ಮಗಳು.”

“ಹೂಂ, ಹೌದಪ್ಪ.”

ಅವಳು ನಕ್ಕು, ತಾಯಿಯ ಕೆನ್ನೆ ಒರೆಸಿದಳು. ನಾವೂ ನಕ್ಕೆವು.

ಶುಕ್ರವಾರ ದಾವುನಿ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತ. ಹಿಂದೆ ಮನೆಯವರು, ಗೋಡೆಯಾಚೆ ಊರವರು. ಗಾಳಿಗೆ ಎಲ್ಲರ ರೆಪ್ಪೆಯ ಮೇಲೂ ಧೂಳು.

“ಅತ್ತಿಗೆ, ಬೆಳಗು ಚೆನ್ನಾಗಿದೆಯಾ?”

ಸನಾತು ತಲೆ ಬಗ್ಗಿಸಿದಳು. “ಹೂಂ, ಹೌದಪ್ಪ.”

“ಮನೆಯವರೆಲ್ಲ ಎದ್ರಾ?”

“ಹೂಂ, ಹೌದಪ್ಪ.”

“ಈ ಧೂಳಲ್ಲಿ ಮೈಗೆ ಆರಾಮಾ?”

“ಹೂಂ, ಹೌದಪ್ಪ.”

ದಾವುನಿಯ ಮುಖ ಸಡಿಲವಾಯಿತು. ವುಂಪಿನಿ ಬಾಯಿಗೆ ಸೆರಗು ಒತ್ತಿಕೊಂಡಳು. ಮುಗಿಯಿತು ಎಂದುಕೊಂಡೆವು.

ಆಗ ಲಮಿಸಿ ಮುಂದೆ ಬಂದಳು. ಕುಶಲ ಕೇಳುವವಳ ಹಾಗೆಯೇ ಕುಕ್ಕರಿಸಿ, ಅದೇ ಇಂಪಾದ ದನಿಯಲ್ಲಿ, “ದೊಡ್ಡತ್ತೆ, ಊಟ ಆಯ್ತಾ?” ಎಂದಳು.

“ಹೂಂ, ಹೌದಪ್ಪ.”

“ನನ್ನ ಮಗಳ ಮಾತು ತಿಂದಿದ್ದು ನೀನೇನಾ?”

“ಅವ್ವಾ, ಬೇಡ—”

“ಹೂಂ,” ಸನಾತು ವಿನಯದಿಂದ ತಲೆ ಬಗ್ಗಿಸಿದಳು, “ಹೌದಪ್ಪ.”

ವುಂಪಿನಿ ತಾಯಿಯ ಎದುರು ಮಂಡಿಯೂರಿದಳು. “ಚಿಕ್ಕಪ್ಪ, ಇಲ್ಲಿ ನೋಡಿ. ಅವ್ವಾ, ನಿಂಗೆ ಮೂರು ತಲೆ ಇವೆಯಾ?”

“ಹೂಂ, ಹೌದಪ್ಪ.”

“ಕೇಳಿದ್ರಾ? ನಾನೇ ಕಲಿಸಿದ್ದು. ಏನು ಕೇಳಿದ್ರೂ ಹಂಗನ್ನು ಅಂತ ನಾನೇ ಕಲಿಸಿದ್ದು.”

“ಅಂದ್ರೆ ನೀನೇ ಕಲಿಸಿ ಕೂರಿಸಿದ್ದೆಯಾ?” ಎಂದ ದಾವುನಿ, ಬಹಳ ಮೆತ್ತಗೆ. “ನಾನು ಕೇಳಿದ್ದಕ್ಕೂ ಅದೇ ಉತ್ತರವಾ ಹಾಗಾದ್ರೆ?”

ಗೋಡೆಯಾಚೆಯಿಂದ ಯಾರೋ ಕೂಗಿದರು: “ಒಪ್ಪಿಕೊಂಡಾಯ್ತಲ್ಲ, ಇನ್ನೇನು ಕೇಳೋದಿದೆ?”

“ಹೂಂ, ಹೌದಪ್ಪ,” ಎಂದಳು ಸನಾತು, ಆ ಕಡೆಗೂ ತಲೆ ಬಗ್ಗಿಸಿ.

ದಾವುನಿ ಎದ್ದು ಅಂಗಿಯ ಧೂಳು ಕೊಡವಿಕೊಂಡ. ನಮ್ಮಲ್ಲಿ ಹೊರಡುವಾಗ ಮನೆಯವರ ಕ್ಷೇಮ ಹಾರೈಸಿ ಹೇಳಬೇಕಾದ ಮಾತೊಂದಿದೆ. ಅದನ್ನು ಹೇಳದೆಯೇ ಬಾಗಿಲು ದಾಟಿದ. ರಹಿನಾ ಬಂದು ಮುದುಕಿಯ ಪಕ್ಕ ಕೂತು, ಸಾಲಿನ ಕೊನೆಗೆ ಇನ್ನೊಂದು ಬೀಜ ಇಟ್ಟಳು.